ಸಂಚಿಯ ಹೊನ್ನಮ್ಮನ ಮೌನ

ಯಳಂದೂರಿನಿಂದ ಮೈಸೂರರಮನೆಗೆ ಬಂದು, ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ಎಲೆಯಡಿಕೆಯ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮನು, ‘ಹದಿಬದೆಯ ಧರ್ಮ’ವೆಂಬ ಸಾಂಗತ್ಯಕೃತಿಯಲ್ಲಿ ಪತಿವ್ರತೆಯ ನಡೆನುಡಿಗಳನ್ನೆಲ್ಲ ಸಂಧಿಸಂಧಿಯಾಗಿ ನಿರೂಪಿಸಿದಳಾದರೂ, ತನ್ನ ಸಂಸಾರದ ಸುಖದುಃಖಗಳನ್ನು ಕುರಿತು ತುಟಿ ಬಿಚ್ಚಲಿಲ್ಲ. ಅದೇ ಕಾಲಕ್ಕೆ, 1670ರ ದಶಕದಲ್ಲಿ, ರಷ್ಯದ ಉತ್ತರದಂಚಿನ ಪುಸ್ತೋಜರ್ಸ್ಕ್‌ನಲ್ಲಿ ಸೆರೆಯಲ್ಲಿದ್ದ ಅವ್ವಾಕುಂ ಎಂಬ ಪಾದ್ರಿಯು ಆತ್ಮಕಥೆಯನ್ನು ಬರೆಯುತ್ತ, ಹಿಮದ ಮೇಲೆ ಜಾರಿಬಿದ್ದು ಹಲುಬಿದ ಮಡದಿಯನ್ನೂ, ದಿನಕ್ಕೆ ಎರಡು ಮೊಟ್ಟೆಯಿಟ್ಟು ಮಕ್ಕಳ ಹಸಿವು ನೀಗಿದ ಕರಿಕೋಳಿಯನ್ನೂ ಮರೆಯದೆ ನೆನೆದನು. ಅವನು ಸಂತನಾಗಿ ನೊಂದದ್ದನ್ನು ಸಾರಬಹುದಿತ್ತು. ಅರಮನೆಯ ಊಳಿಗದ ಹೆಣ್ಣಿಗೆ ಆ ಅವಕಾಶವೆಲ್ಲಿ? ಆದರೂ ಹೆಣ್ಣುಮಗುವನ್ನು ಹೀನೈಸುವವರನ್ನು ಆಕೆ ನೇರವಾಗಿ ಪ್ರಶ್ನಿಸುವ ಪದ್ಯಗಳಲ್ಲಿ ಧರ್ಮೋಪದೇಶದ ಸ್ವರ ಥಟ್ಟನೆ ಬದಲಾಗುತ್ತದೆ. ಹೊನ್ನಮ್ಮನ ಬಾಳನ್ನು ಅರಸುವವರು ಮೊದಲು ಓದಬೇಕಾದದ್ದು ಅವನ್ನೇ ಎಂಬುದು ನನ್ನ ದೃಢವಾದ ಅಭಿಪ್ರಾಯ.