ವಾಯುಮಾಲಿನ್ಯದ ಸಾವುಗಳನ್ನು ಎಣಿಸುವುದು ಹೇಗೆ? 9ನೇ ತರಗತಿಗೆ ಒಂದು ವಿವರಣೆ

ವಾಯುಮಾಲಿನ್ಯದ ಪಾಠದಲ್ಲಿ ಕಾರಣ, ಪರಿಣಾಮ, ತಡೆಗಟ್ಟುವ ಕ್ರಮಗಳ ಪಟ್ಟಿಯನ್ನು ನಾವೆಲ್ಲ ಬರೆಸುತ್ತೇವೆ. ಆದರೆ ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 2,100 ಸಾವುಗಳಿಗೆ ಕಲುಷಿತ ಗಾಳಿಯ ನಂಟಿದೆ ಎಂಬುದನ್ನು ಮಕ್ಕಳಿಗೆ ಹೇಳಿದರೆ ಆ ಪಟ್ಟಿ ಸಾಲುವುದಿಲ್ಲ. ವೈದ್ಯರು ಸಾವಿನ ಕಾರಣ ಬರೆಯುವಾಗ ಹೃದಯಾಘಾತ, ಪಾರ್ಶ್ವವಾಯು, ನ್ಯುಮೋನಿಯಾ ಎನ್ನುತ್ತಾರೆ. ‘ಗಾಳಿ’ ಎಂದು ಬರೆಯುವುದಿಲ್ಲ. ಹಾಗಾದರೆ ಈ ಸಂಖ್ಯೆ ಬಂದದ್ದೆಲ್ಲಿಂದ? ಅಭ್ಯಾಸ ಬೋಧನೆಯಲ್ಲಿ ನಾನು ಇದನ್ನು ವಿವರಿಸಿದ ಕ್ರಮ ಹೀಗಿದೆ.

ಪೂರ್ವಜ್ಞಾನ: ಪಿಎಂ 2.5 ಎಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ವ್ಯಾಸದ ಕಣಗಳು. ಇವು ತಲೆಗೂದಲಿನ ದಪ್ಪದ ಸುಮಾರು 30ನೇ ಒಂದು ಭಾಗದಷ್ಟು. ಮೂಗಿನ ರೋಮಗಳಿಗೆ ಸಿಗದೆ ವಾಯುಕೋಶಗಳನ್ನು ತಲುಪುತ್ತವೆ. ಅತಿ ಸೂಕ್ಷ್ಮವಾದವು ರಕ್ತಕ್ಕೂ ಸೇರುತ್ತವೆ. ಹೃದಯಕ್ಕೂ ಹೊಗೆಗೂ ಇರುವ ಸಂಬಂಧ ಇಲ್ಲಿ ಸ್ಪಷ್ಟವಾಗುತ್ತದೆ.

ಚಟುವಟಿಕೆ: ಹಾಜರಿ ಪುಸ್ತಕದ ಉದಾಹರಣೆ ಕೊಟ್ಟೆ. ಸಾಮಾನ್ಯ ದಿನ ತಡವಾಗಿ ಬರುವವರು 5 ಮಂದಿ, ಮಳೆಯ ದಿನ 12 ಮಂದಿ ಎಂದುಕೊಳ್ಳೋಣ. ಮಳೆಯಿಂದ ಹೆಚ್ಚಾದವರು 7 ಮಂದಿ. ಆದರೆ ಆ 12ರಲ್ಲಿ ಯಾವ 7 ಮಂದಿ ಮಳೆಯಿಂದಲೇ ತಡವಾದರು ಎಂದು ಬೆರಳು ಮಾಡಿ ತೋರಿಸಲಾಗದು. ಸಂಶೋಧಕರೂ ಗಾಳಿ ಕೆಟ್ಟ ದಿನಗಳ ಸಾವುಗಳನ್ನು ಉಳಿದ ದಿನಗಳೊಂದಿಗೆ ಹೀಗೆಯೇ ಹೋಲಿಸುತ್ತಾರೆ. ಉಷ್ಣತೆಯಂಥ ಇತರ ಅಂಶಗಳ ಪ್ರಭಾವವನ್ನು ಲೆಕ್ಕದಲ್ಲಿ ಬೇರ್ಪಡಿಸುತ್ತಾರೆ.

ಅಂಕಿಅಂಶ: 2024ರಲ್ಲಿ ‘ದಿ ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಭಾರತದ 10 ನಗರಗಳ, 2008ರಿಂದ 2019ರವರೆಗಿನ ಸುಮಾರು 36 ಲಕ್ಷ ಸಾವುಗಳನ್ನು ಪರಿಶೀಲಿಸಿತು. ಪಿಎಂ 2.5 ಪ್ರತಿ ಘನಮೀಟರಿಗೆ 10 ಮೈಕ್ರೋಗ್ರಾಂ ಏರಿದರೆ ದೈನಂದಿನ ಸಾವುಗಳು ಶೇ. 1.42ರಷ್ಟು ಹೆಚ್ಚುತ್ತವೆ. ಅಂದರೆ 1,000 ಸಾವು ಸಂಭವಿಸಬೇಕಿದ್ದ ಕಡೆ ಸುಮಾರು 1,014. ಒಟ್ಟು ಸಾವುಗಳಲ್ಲಿ ಮಾಲಿನ್ಯದ ಪಾಲು ದೆಹಲಿಯಲ್ಲಿ ಶೇ. 11.5, ಬೆಂಗಳೂರಿನಲ್ಲಿ ಶೇ. 4.8. ಇದು ವಿಶ್ವ ಆರೋಗ್ಯ ಸಂಸ್ಥೆಯ ದಿನದ ಮಿತಿಯಾದ 15 ಮೈಕ್ರೋಗ್ರಾಂ ಆಧಾರದ ಲೆಕ್ಕ. ನಮ್ಮ ದೇಶದ ಮಿತಿ 60. ಈ ಮಿತಿಯೊಳಗಿನ ಗಾಳಿಯಲ್ಲೂ ಸಾವಿನ ಅಪಾಯ ಏರುವುದು ಕಂಡುಬಂದಿದೆ. ಆದ್ದರಿಂದ ‘ದೆಹಲಿಗಿಂತ ನಾವು ವಾಸಿ’ ಎಂದು ಪಾಠ ಮುಗಿಸುವುದು ಸರಿಯಲ್ಲ.

ಎಚ್ಚರ ವಹಿಸಬೇಕಾದ ಪ್ರಶ್ನೆ: “ನಮ್ಮ ತಾತ ಉಬ್ಬಸದಿಂದ ಹೋದರು. ಅವರೂ ಈ ಲೆಕ್ಕದಲ್ಲಿ ಇದ್ದಾರಾ ಮಿಸ್?” ಎಂದು ಒಬ್ಬ ಹುಡುಗಿ ಕೇಳಿದಳು. ಹೌದು ಎಂದರೂ ಇಲ್ಲ ಎಂದರೂ ಅದು ವಿಜ್ಞಾನವಲ್ಲ. “ಒಬ್ಬರ ಬಗ್ಗೆ ಈ ಲೆಕ್ಕ ಏನೂ ಹೇಳುವುದಿಲ್ಲಮ್ಮ, ಊರಿನ ಬಗ್ಗೆ ಹೇಳುತ್ತದೆ. ಗಾಳಿ ಶುದ್ಧವಾಗಿದ್ದರೆ ಕೆಲವು ತಾತಂದಿರು ಇನ್ನಷ್ಟು ಕಾಲ ನಮ್ಮೊಂದಿಗೆ ಇರುತ್ತಿದ್ದರು” ಎಂದೆ. ಸಂಖ್ಯೆಯನ್ನು ಹೇಳುವಾಗ ಅದರ ಹಿಂದೆ ಮಕ್ಕಳ ಮನೆಯವರೇ ಇರಬಹುದೆಂಬುದು ನಮ್ಮ ನೆನಪಿನಲ್ಲಿರಬೇಕು.

ಮೌಲ್ಯಮಾಪನ: ‘ಮಾಲಿನ್ಯದ ಪರಿಣಾಮಗಳನ್ನು ಪಟ್ಟಿ ಮಾಡಿ’ ಎನ್ನುವ ಬದಲು ‘ವೈದ್ಯರು ಬರೆಯದ ಕಾರಣವನ್ನು ಸಂಶೋಧಕರು ಹೇಗೆ ಕಂಡುಕೊಂಡರು?’ ಎಂದು ಕೇಳಿ. ವಿದ್ಯಾರ್ಥಿ ಹೋಲಿಕೆಯ ಮಾತೆತ್ತಿದರೆ ಕಲಿಕೆ ಆಗಿದೆ ಎಂದರ್ಥ.