ಎರಡು ಭೇಟಿಗಳ ನಡುವಿನ ನೋವು

ರುಮಟಾಯ್ಡ್ ಆರ್ಥ್ರೈಟಿಸ್ ಇರುವವರು ಸಾಮಾನ್ಯವಾಗಿ ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ವೈದ್ಯರ ಬಳಿ ಹೋಗುತ್ತಾರೆ. ಕಾಯಿಲೆ ಮಾತ್ರ ದಿನಕ್ಕೊಂದು ಬಗೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವ ಈ ರೋಗದಲ್ಲಿ ಒಂದು ವಾರ ಬೆಳಗಾದರೆ ಬೆರಳು ಮಡಚಲಾಗದಷ್ಟು ಬಿಗಿತ, ಇನ್ನೊಂದು ವಾರ ಏನೂ ಆಗಿಲ್ಲವೆಂಬಂತೆ ನಿರಾಳ. ವೈದ್ಯರು 28 ಕೀಲುಗಳನ್ನು ಒತ್ತಿ ನೋಡಿ, ರಕ್ತಪರೀಕ್ಷೆಯ ವರದಿಯನ್ನೂ ಸೇರಿಸಿ ರೋಗದ ತೀವ್ರತೆಗೆ ಅಂಕ ಕೊಡುತ್ತಾರೆ. ಅದು ಆ ಒಂದು ದಿನದ ಅಂಕ. "ಹೋದ ತಿಂಗಳು ಹೇಗಿದ್ರಿ?" ಎಂದು ಕೇಳಿದರೆ ನೆನಪಿಗೆ ಬರುವುದು ಮೊನ್ನೆಯ ನೋವು, ಇಲ್ಲವೇ ತಡೆಯಲಾಗದ ಯಾವುದೋ ಒಂದು ರಾತ್ರಿ.

ಈ ಕೊರತೆ ನೀಗಲೆಂದೇ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ವಿಲ್ ಡಿಕ್ಸನ್ ಮತ್ತು ಸಂಗಡಿಗರು 'ರಿಮೋರಾ' ಯೋಜನೆ ಕೈಗೊಂಡರು. ನೋವೆಷ್ಟು, ದಣಿವೆಷ್ಟು, ಬೆಳಗಿನ ಬಿಗಿತ ಎಷ್ಟು ಎಂಬಂಥ ಕೆಲವೇ ಪ್ರಶ್ನೆಗಳನ್ನು ಫೋನಿನ ಆ್ಯಪ್ ದಿನವೂ ಕೇಳುತ್ತದೆ. ಉತ್ತರಗಳು ಫೋನಿನಲ್ಲೇ ಉಳಿಯದೆ ನೇರವಾಗಿ ಆಸ್ಪತ್ರೆಯ ದಾಖಲೆಗೆ ಸೇರುತ್ತವೆ. ಭೇಟಿಯ ದಿನ ವೈದ್ಯರೂ ರೋಗಿಯೂ ಒಂದೇ ಪರದೆಯಲ್ಲಿ ಆ ಉತ್ತರಗಳ ನಕ್ಷೆಯನ್ನು ನೋಡುತ್ತಾರೆ. ಉಳಿದ ಎಷ್ಟೋ ಆ್ಯಪ್‌ಗಳು ಸೋಲುವುದು ಇಲ್ಲೇ. ವೈದ್ಯರ ಕಣ್ಣಿಗೆ ಬೀಳದ ಲೆಕ್ಕವನ್ನು ಎಷ್ಟು ಶ್ರದ್ಧೆಯಿಂದ ಬರೆದಿಟ್ಟರೂ ಚಿಕಿತ್ಸೆ ಬದಲಾಗುವುದಿಲ್ಲ. 2020ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ ಇದ್ದವರು 20 ಮಂದಿಯಷ್ಟೇ. ಆದರೂ ಮೂರು ತಿಂಗಳ ಉದ್ದಕ್ಕೂ ಹತ್ತರಲ್ಲಿ ಒಂಬತ್ತು ದಿನ ಉತ್ತರ ಬಂತು. ಇಲ್ಲವಾದರೆ ಯಾರಿಗೂ ತಿಳಿಯದೆ ಹೋಗುತ್ತಿದ್ದ ಏರಿಳಿತಗಳು ನಕ್ಷೆಯಲ್ಲಿ ಮೂಡಿದವು.

ಎಲ್ಲ ಕಡೆಯೂ ಹೀಗಾಗಿಲ್ಲ. 2016ರಲ್ಲಿ ಗ್ಲಾಕ್ಸೊ ಸ್ಮಿತ್‌ಕ್ಲೈನ್ ಕಂಪನಿ ಅಮೆರಿಕದಲ್ಲಿ ನಡೆಸಿದ 'ಪರೇಡ್' ಅಧ್ಯಯನ ಐಫೋನನ್ನೇ ಉಪಕರಣವಾಗಿಸಿತು. ಫೋನ್ ಹಿಡಿದು ಮಣಿಕಟ್ಟು ಬಾಗಿಸಿದರೆ ಅದು ಎಷ್ಟು ಬಾಗುತ್ತದೆಂಬುದನ್ನು ಒಳಗಿನ ಸಂವೇದಕ ಅಳೆಯುತ್ತಿತ್ತು. ಜಾಣ ಉಪಾಯವೇ. ಆದರೆ ಸೇರಿದವರಲ್ಲಿ ಬಹುಪಾಲು ಜನ ಕೆಲವೇ ವಾರಗಳಲ್ಲಿ ಕೈಬಿಟ್ಟರು.

ಮೋಡ ಕವಿದರೆ ಕೀಲು ನೋವು ಹೆಚ್ಚು ಎಂಬ ಹಳೆಯ ಮಾತನ್ನೂ ಡಿಕ್ಸನ್ ತಂಡ ಆ್ಯಪ್ ಮೂಲಕ ಪರೀಕ್ಷಿಸಿತು. ಸಂಧಿವಾತ ಮೊದಲಾದ ದೀರ್ಘಕಾಲದ ನೋವಿರುವ 2,658 ಮಂದಿ ದಿನವೂ ನೋವಿನ ಮಟ್ಟ ದಾಖಲಿಸಿದರು. ಅವರಿದ್ದ ಊರಿನ ಹವೆಯ ವಿವರವನ್ನು ಫೋನಿನ ಜಿಪಿಎಸ್ ಮೂಲಕ ಹೊಂದಿಸಲಾಯಿತು. ತೇವಾಂಶ ಹೆಚ್ಚಿದ್ದು, ಗಾಳಿ ಜೋರಾಗಿ, ವಾಯುಭಾರ ಕಡಿಮೆಯಿದ್ದ ದಿನ ನೋವು ಹೆಚ್ಚುವ ಸಾಧ್ಯತೆ ಶೇ. 20ರಷ್ಟು ಏರಿತ್ತು ಎಂದು 2019ರಲ್ಲಿ ವರದಿಯಾಯಿತು. ಮಂಕುಬಡಿದ ದಿನ ಮನಸ್ಸೂ ಕುಗ್ಗುತ್ತದೆ ಎಂಬ ಕಾರಣವೊಂದೇ ಇದನ್ನು ವಿವರಿಸಲಿಲ್ಲ.

ಇದಕ್ಕಿಂತ ಸರಳವಾದ, ಆದರೆ ಜೀವ ಉಳಿಸಬಲ್ಲ ಇನ್ನೊಂದು ಕೆಲಸವನ್ನೂ ಆ್ಯಪ್ ಮಾಡಬಲ್ಲದು. ರುಮಟಾಯ್ಡ್ ಆರ್ಥ್ರೈಟಿಸ್‌ನ ಮುಖ್ಯ ಔಷಧ ಮೆಥೊಟ್ರೆಕ್ಸೇಟ್ ಅನ್ನು ತೆಗೆದುಕೊಳ್ಳಬೇಕಾದ್ದು ವಾರಕ್ಕೊಮ್ಮೆ. ಉಳಿದ ಮಾತ್ರೆಗಳ ಜೊತೆ ತಪ್ಪಿ ದಿನವೂ ನುಂಗಿದವರ ಅಸ್ಥಿಮಜ್ಜೆ ಕುಸಿದು ಸಾವು ಸಂಭವಿಸಿದ್ದುಂಟು. ಹಾಗಾಗಿ ಆ್ಯಪ್‌ನಲ್ಲಿ ಮೊದಲು ತುಂಬಬೇಕಾದದ್ದು ವೈದ್ಯರು ಗೊತ್ತುಮಾಡಿದ ವಾರದ ಆ ಒಂದು ದಿನ, ಅದರ ಜೊತೆಗೆ ರಕ್ತಕಣ ಮತ್ತು ಯಕೃತ್ತಿನ ಪರೀಕ್ಷೆಯ ತಾರೀಖು.