ಪರಮಾಣು ಜಲಾಂತರ್ಗಾಮಿಯ ರಚನೆ: ‘ಥ್ರೆಷರ್’ ನೌಕೆಯ ಪಾಠ

ಎರಡನೆಯ ಮಹಾಯುದ್ಧ ಕಾಲದ ಜಲಾಂತರ್ಗಾಮಿಯು ವಸ್ತುತಃ ಆಗಾಗ ಮುಳುಗಬಲ್ಲ ಮೇಲ್ಮೈ ನೌಕೆಯಾಗಿದ್ದಿತು. ಅದರ ಡೀಸೆಲ್ ಯಂತ್ರಕ್ಕೆ ಗಾಳಿ ಅವಶ್ಯ. ನೀರೊಳಗಿನ ಸಂಚಾರಕ್ಕೆ ಬ್ಯಾಟರಿಯೊಂದೇ ಆಧಾರ. ಬ್ಯಾಟರಿ ಬರಿದಾದೊಡನೆ ಮೇಲಕ್ಕೇಳುವುದು, ಅಥವಾ ಗಾಳಿಗೊಳವೆಯನ್ನಾದರೂ ಮೇಲೆತ್ತುವುದು ಅನಿವಾರ್ಯವಾಗಿದ್ದಿತು. ಶತ್ರುವಿಗೆ ಅದು ಸುಲಭವಾಗಿ ಗೋಚರಿಸುತ್ತಿದ್ದುದೂ ಆಗಲೇ.

ಪರಮಾಣು ಶಕ್ತಿಯು ಈ ಬಂಧನವನ್ನು ಬಿಡಿಸಿತು. ಯುರೇನಿಯಂ ಪರಮಾಣುವಿನ ವಿದಳನಕ್ಕೆ ಗಾಳಿ ಬೇಕಿಲ್ಲ. ರಿಯಾಕ್ಟರಿನ ಶಾಖವನ್ನು ಅಧಿಕ ಒತ್ತಡದ ನೀರು ಹೊತ್ತೊಯ್ದು, ಬೇರೆ ಕೊಳವೆಗಳಲ್ಲಿನ ನೀರನ್ನು ಆವಿಯಾಗಿಸುತ್ತದೆ. ಆ ಆವಿ ಟರ್ಬೈನನ್ನು ತಿರುಗಿಸುತ್ತದೆ. ಹೈಮನ್ ರಿಕೋವರ್ ಅವರ ಮುಂದಾಳುತನದಲ್ಲಿ ಅಮೆರಿಕ ನಿರ್ಮಿಸಿದ ‘ನಾಟಿಲಸ್’ 1955ರ ಜನವರಿ 17ರಂದು ಈ ಶಕ್ತಿಯಿಂದ ಮೊದಲು ಸಂಚಾರ ಹೊರಟು, 1958ರ ಆಗಸ್ಟ್ 3ರಂದು ಹಿಮದ ಅಡಿಯಲ್ಲಿಯೇ ಉತ್ತರ ಧ್ರುವವನ್ನು ಮುಟ್ಟಿತು.

ಆದರೆ ನಾಟಿಲಸ್ಸಿನ ಒಡಲು ಬಹುಮಟ್ಟಿಗೆ ಹಳೆಯ ಮಾದರಿಯದೇ. ನೀರೊಳಗಿನ ವೇಗಕ್ಕೆ ಒಪ್ಪುವ, ಹನಿಯಂತೆ ದುಂಡಾದ ಆಕಾರವನ್ನು 1953ರಲ್ಲಿ ನೀರಿಗಿಳಿದ ‘ಆಲ್ಬಕೋರ್’ ಎಂಬ ಪ್ರಯೋಗನೌಕೆ ಪರೀಕ್ಷಿಸಿತು. 1959ರಲ್ಲಿ ಸೇವೆಗೆ ಸೇರಿದ ‘ಸ್ಕಿಪ್‌ಜ್ಯಾಕ್’ ನೌಕೆಯಲ್ಲಿ ಆ ಆಕಾರವೂ ಪರಮಾಣು ಶಕ್ತಿಯೂ ಒಂದುಗೂಡಿದುವು.

1961ರಲ್ಲಿ ಸೇವೆಗೆ ಬಂದ ‘ಥ್ರೆಷರ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬೇರೆ ಜಲಾಂತರ್ಗಾಮಿಗಳನ್ನು ಬೇಟೆಯಾಡುವ ನೌಕೆಯು ಚೆನ್ನಾಗಿ ಕೇಳಿಸಿಕೊಳ್ಳಬೇಕು; ತನ್ನ ಸದ್ದು ಹೊರಗೆ ಕೇಳಿಸಬಾರದು. ಆದುದರಿಂದ ಮೂತಿಯ ತುದಿಯನ್ನು ದೊಡ್ಡದೊಂದು ಸೋನಾರ್ ಗೋಲಕ್ಕೆ ಬಿಟ್ಟುಕೊಟ್ಟು, ಟಾರ್ಪೆಡೊ ಕೊಳವೆಗಳನ್ನು ಹಿಂದಕ್ಕೆ ಸರಿಸಿ ಓರೆಯಾಗಿ ಜೋಡಿಸಿದರು; ಯಂತ್ರಗಳ ಅದುರುವಿಕೆ ಒಡಲಿಗೆ ತಾಗದಂತೆ ಅವುಗಳನ್ನು ಮೆತ್ತನೆಯ ಆಧಾರಗಳ ಮೇಲೆ ನಿಲ್ಲಿಸಿದರು. ಸುಮಾರು 400 ಮೀಟರ್ ಆಳಕ್ಕೆ ಇಳಿಯುವಂತೆ ಅದನ್ನು ಕಟ್ಟಲಾಗಿದ್ದಿತು.

ಆಳ ಹೆಚ್ಚಿದಂತೆ ನೀರಿನ ಒತ್ತಡವೂ ಹೆಚ್ಚುತ್ತದೆ. ಸಮುದ್ರದ ನೀರನ್ನು ಒಳಕ್ಕೆ ತರುವ ಪ್ರತಿಯೊಂದು ಕೊಳವೆಯೂ ಆ ಒತ್ತಡವನ್ನು ತಡೆಯಬೇಕು. 1963ರ ಏಪ್ರಿಲ್ 10ರಂದು ಆಳದ ಪರೀಕ್ಷೆಯಲ್ಲಿದ್ದಾಗ ಥ್ರೆಷರ್ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿ, ಅದರಲ್ಲಿದ್ದ 129 ಮಂದಿಯೂ ಮಡಿದರು. ಯಂತ್ರಕೋಣೆಯ ಕೊಳವೆಯೊಂದು ಒಡೆದು, ನುಗ್ಗಿದ ನೀರಿನಿಂದ ವಿದ್ಯುತ್ ವ್ಯವಸ್ಥೆ ಕೆಟ್ಟು, ರಿಯಾಕ್ಟರ್ ನಿಂತಿರಬೇಕೆಂದು ವಿಚಾರಣಾ ಮಂಡಲಿ ಊಹಿಸಿತು. ತೊಟ್ಟಿಗಳ ನೀರನ್ನು ಹೊರದೂಡಿ ನೌಕೆಯನ್ನು ಮೇಲೆತ್ತಬೇಕಾಗಿದ್ದ ಗಾಳಿಯ ದಾರಿಯಲ್ಲಿ ಮಂಜುಗಡ್ಡೆ ಕಟ್ಟಿಕೊಳ್ಳಬಲ್ಲುದೆಂಬುದು ಅದೇ ವರ್ಗದ ಇನ್ನೊಂದು ನೌಕೆಯ ಪರೀಕ್ಷೆಯಿಂದ ತಿಳಿದುಬಂದಿತು. ನೌಕೆಯ ಸುಮಾರು 3,000 ಬೆಳ್ಳಿಬೆಸುಗೆಯ ಕೀಲುಗಳಲ್ಲಿ ಕೇವಲ 145ನ್ನು ಧ್ವನಿತರಂಗಗಳಿಂದ ಪರೀಕ್ಷಿಸಲಾಗಿದ್ದಿತು. ಅವುಗಳಲ್ಲಿಯೂ ಶೇಕಡ 14ರಷ್ಟು ದೋಷಯುಕ್ತವಾಗಿದ್ದುವು.

ಅದೇ ವರ್ಷ ಅಮೆರಿಕದ ನೌಕಾಪಡೆ ‘ಸಬ್‌ಸೇಫ್’ ಎಂಬ ಸುರಕ್ಷಾ ಕ್ರಮವನ್ನು ಏರ್ಪಡಿಸಿತು. ಒತ್ತಡವನ್ನು ತಡೆಯಬೇಕಾದ ಭಾಗಗಳಿಗೆ ಲಿಖಿತ ಪ್ರಮಾಣ ದೊರೆಯದೆ ನೌಕೆ ಆಳಕ್ಕಿಳಿಯುವಂತಿಲ್ಲವೆಂಬುದೇ ಇದರ ಸಾರ. 1968ರಲ್ಲಿ 99 ಮಂದಿಯೊಡನೆ ಮುಳುಗಿದ ‘ಸ್ಕಾರ್ಪಿಯನ್’ ಈ ಪ್ರಮಾಣವನ್ನು ಪಡೆದಿರಲಿಲ್ಲ. ಪಡೆದ ಯಾವ ನೌಕೆಯೂ ಇದುವರೆಗೆ ಮುಳುಗಿಲ್ಲ.

ತಂತ್ರವಿದ್ಯೆಯ ಚರಿತ್ರೆಯನ್ನು ಹೊಸ ಶೋಧಗಳ ಪಟ್ಟಿಯೆಂದು ಓದುವ ಅಭ್ಯಾಸ ನಮ್ಮಲ್ಲುಂಟು. ಹಾಗೆ ಓದಿದರೆ ಈ ಕಥೆ ನಾಟಿಲಸ್ಸಿನಲ್ಲಿಯೇ ಮುಗಿಯುತ್ತದೆ. ರಿಯಾಕ್ಟರು ಗಾಳಿಯ ಮಿತಿಯನ್ನು ನೀಗಿಸಿತು. ಕೊಳವೆಯ ಬೆಸುಗೆಯ ಮಿತಿ ಹಾಗೆಯೇ ಉಳಿದಿದ್ದಿತು. ಅದನ್ನು ಅರಿತುಕೊಳ್ಳಲು 129 ಜೀವಗಳು ಬೇಕಾದುವೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಮರೆಯಬಾರದು.